ಪ್ರತೀಕ್ಷಾಸಿದ್ಧಿ ನಿರೂಪಣಂ, ಅಥವಾ ಓಸ್ಲೋ ನಗರದ ಇಬ್ಬರು ಯುವಕರೂ ಅವರ ಸಹೃದಯರೂ

ನಾಟಕವು ಗೆದ್ದಿತೋ ಸೋತಿತೋ ಎಂಬುದನ್ನು ನಿರ್ಣಯಿಸಬೇಕಾದವನು ನಟರ ಮುಖಕ್ಕಿಂತ ನೋಡುವವರ ಮುಖವನ್ನೇ ಹೆಚ್ಚಾಗಿ ನೋಡತಕ್ಕದ್ದೆಂಬ ತತ್ತ್ವವನ್ನು ಭರತಮುನಿಯು ನಾಟ್ಯಶಾಸ್ತ್ರದ 27ನೆಯ ಅಧ್ಯಾಯದಲ್ಲಿ ಸಾಂಗವಾಗಿ ನಿರೂಪಿಸಿರುವನು. ಪ್ರೇಕ್ಷಕರು ಮುಗುಳ್ನಗುವುದು, ಗಹಗಹಿಸುವುದು, ‘ಸಾಧು’, ‘ಅಹೋ’, ‘ಕಷ್ಟಂ’ ಎಂದು ಉದ್ಗರಿಸುವುದು, ಮೈ ನವಿರೆದ್ದು ಆಸನ ಬಿಟ್ಟೆದ್ದು ಹೊದ್ದ ವಸ್ತ್ರವನ್ನೂ ಬೆರಳಿನ ಉಂಗುರವನ್ನೂ ಎಸೆದುಬಿಡುವುದು, ಇವೆಲ್ಲ ಮಾನುಷೀ ಸಿದ್ಧಿ. ಸಭೆಯು ಕಿಕ್ಕಿರಿದಿದ್ದೂ ಸದ್ದಿಲ್ಲದೆ ಸ್ತಬ್ಧವಾಗಿದ್ದರೆ ಅದು ದೈವಿಕೀ ಸಿದ್ಧಿ. ಆದರೆ ರಂಗದ ಮೇಲೆ ಏನೂ ನಡೆಯದಿರುವಾಗ, ತೆರೆ ಇಳಿದೇ ಇರುವಾಗ, ಮುಂದಿನ ಅಂಕವು ಎಂದೆಂಬುದನ್ನು ಸೂತ್ರಧಾರನು ಬಾಯಿಬಿಟ್ಟು ಹೇಳದಿರುವಾಗ, ಪ್ರೇಕ್ಷಕನಿಗೆ ಸ್ತಂಭ, ಸ್ವೇದ, ವೇಪಥುಗಳು ಉಂಟಾದರೆ ಅದನ್ನು ಯಾವ ಸಿದ್ಧಿಯೆನ್ನೋಣ? ಮುನಿಯು ಇದನ್ನು ಹೇಳಲಿಲ್ಲ. ಈ ಕೊರತೆಯನ್ನು ತುಂಬುವ ಭಾರವು, ಯೋಗ್ಯರಾದ ಬೇರೆ ಯಾರೂ ಮುಂದೆ ಬಾರದ ಕಾರಣ, ಪ್ರಕೃತ ಲೇಖಕನ ಮೇಲೆ ಬಿದ್ದಿದೆ.

ಲಕ್ಷಣಕ್ಕೆ ಲಕ್ಷ್ಯ ಬೇಕಷ್ಟೆ. ನಾರ್ವೆ ದೇಶದ ಸಾರ್ವಜನಿಕ ಪ್ರಸಾರ ಸಂಸ್ಥೆಯಾದ ಎನ್‌ಆರ್‌ಕೆಗಾಗಿ ಯೂಲಿಯೆ ಆಂದೆಮ್ ಎಂಬಾಕೆಯು ರಚಿಸಿದ ‘ಸ್ಕಾಮ್’ ಎಂಬ ಧಾರಾವಾಹಿಯ ಮೂರನೆಯ ಸೀಸನ್ನು 2016ರ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ನಡೆಯಿತು. ಓಸ್ಲೋ ನಗರದ ಒಂದು ಶಾಲೆಯ ಈಸಾಕ್ ಮತ್ತು ಏವೆನ್ ಎಂಬ ಇಬ್ಬರು ಹುಡುಗರ ಅನುರಾಗವೇ ಅದರ ವಸ್ತು. ಮೂಲತಃ ಆ ದೇಶದ ಹದಿನಾರರ ಹೆಣ್ಣುಮಕ್ಕಳಿಗೆಂದು ಹೂಡಿದ ಈ ಯಜ್ಞದ ಹವಿಸ್ಸು ಲೋಕಾಂತರಗಳಿಗೆಲ್ಲ ಹಬ್ಬಿದುದಕ್ಕೆ ಅದರ ಪ್ರಯೋಗವಿಧಾನವೇ ಕಾರಣ. ಕಥೆಯಲ್ಲಿ ಮಂಗಳವಾರ ಮಧ್ಯಾಹ್ನ ನಡೆಯುವ ಪ್ರಸಂಗದ ತುಣುಕು ವಾಸ್ತವದ ಮಂಗಳವಾರ ಮಧ್ಯಾಹ್ನವೇ, ಮುನ್ಸೂಚನೆಯ ಒಂದಕ್ಷರವೂ ಇಲ್ಲದೆ, ಜಾಲತಾಣದಲ್ಲಿ ಪ್ರತ್ಯಕ್ಷವಾಗುತ್ತಿತ್ತು. ನಡುನಡುವೆ ಪಾತ್ರಗಳು ಪರಸ್ಪರ ಕಳುಹಿಸಿಕೊಂಡ ಮೊಬೈಲ್ ಸಂದೇಶಗಳೂ ಕಾಣಿಸಿಕೊಳ್ಳುತ್ತಿದ್ದವು. ಶುಕ್ರವಾರ ಇವೆಲ್ಲವನ್ನೂ ಪೋಣಿಸಿ ಪೂರ್ಣ ಕಂತಾಗಿ ಬಿತ್ತರಿಸುತ್ತಿದ್ದರು.

ಇದರ ಪರಿಣಾಮವನ್ನು ಊಹಿಸಿಕೊಳ್ಳಿ. ಏವೆನನಿಂದ ಉತ್ತರ ಬಾರದೆ ಈಸಾಕನು ಎರಡು ದಿನ ಕೊರಗಿದನೆಂದರೆ, ಕಾಳಿದಾಸನ ಕಾಲದಲ್ಲಿ ಅದು ಒಂದು ಶ್ಲೋಕದ ಮಾತು. ಇಲ್ಲಿ ಪ್ರೇಕ್ಷಕನೂ ಅದೇ ಎರಡು ದಿನ ಕೊರಗತಕ್ಕದ್ದು. ವಿಪ್ರಲಂಭವು ನಾಯಕನಿಂದ ಸಹೃದಯನಿಗೆ ಸಂಕ್ರಮಿಸುವುದೆಂದು ಆಲಂಕಾರಿಕರು ಹೇಳುವಾಗ ಗಡಿಯಾರದ ಸಮೇತ ಸಂಕ್ರಮಿಸೀತೆಂದು ಅವರು ಎಣಿಸಿರಲಾರರು. ಪಾಠದ ನಡುವೆ, ಊಟದ ನಡುವೆ, ಸ್ನಾನಗೃಹದ ಬಾಗಿಲ ಸಂದಿನಲ್ಲಿ ಪುಟವನ್ನು ರಿಫ್ರೆಶ್ ಮಾಡುತ್ತ ಹೆಬ್ಬೆರಳು ಸವೆದವರನ್ನು ಈ ಶಾಸ್ತ್ರವು ಉತ್ತಮಾಧಿಕಾರಿಗಳೆಂದು ಪರಿಗಣಿಸುತ್ತದೆ. ಶುಕ್ರವಾರದವರೆಗೆ ತಾಳ್ಮೆಯಿಂದಿದ್ದು ಇಡೀ ಕಂತನ್ನು ಒಮ್ಮೆಗೇ ನೋಡುವವರು ಮಧ್ಯಮರು. ಸೀಸನ್ನೆಲ್ಲ ಮುಗಿದ ಮೇಲೆ ಒಂದೇ ರಾತ್ರಿಯಲ್ಲಿ ನೋಡಿ ಮುಗಿಸಿ ‘ಚೆನ್ನಾಗಿದೆ’ ಎಂದು ಮಲಗಿದವರಿಗೆ ಇಲ್ಲಿ ಅಧಿಕಾರವೇ ಇಲ್ಲ. ಕಥೆಯೊಳಗಿನ ಒಂದು ಸಂದೇಶದಲ್ಲಿ 21:21 ಎಂಬ ಗಳಿಗೆಯ ಉಲ್ಲೇಖವಿರುವುದರಿಂದ ಅದು ಈ ಸಂಪ್ರದಾಯದವರಿಗೆ ಪುಣ್ಯಮುಹೂರ್ತವಾಯಿತು. ಡಿಸೆಂಬರಿನಲ್ಲಿ ಓಸ್ಲೋದ 21:21 ಎಂದರೆ ಬೆಂಗಳೂರಿನ ನಡುರಾತ್ರಿ 1:51. ನಮ್ಮ ಪಂಚಾಂಗಕರ್ತರು ಇದನ್ನು ಇದುವರೆಗೂ ಸೇರಿಸದಿರುವುದು ವಿಷಾದಕರ.

ಇನ್ನು ವ್ಯಾಖ್ಯಾನಪರಂಪರೆಯ ವಿಚಾರ. ಕಾಯುವವನಿಗೆ ಕೆಲಸವಿಲ್ಲ, ಕೆಲಸವಿಲ್ಲದವನಿಗೆ ಭಾಷ್ಯವೇ ಗತಿ. ನಾಯಕರಿಬ್ಬರೂ ಮೊದಲು ಮಾತನಾಡುವ ಸ್ಥಳವು ಉದ್ಯಾನವಲ್ಲ, ಶಕುಂತಲೆಯ ಮಾಲಿನೀತೀರವಲ್ಲ, ಶಾಲೆಯ ಶೌಚಾಲಯ. ಅಲ್ಲಿ ಏವೆನನು ಗೋಡೆಯ ಪೆಟ್ಟಿಗೆಯಿಂದ ಕೈಯೊರಸುವ ಕಾಗದಗಳನ್ನು ಒಂದಾದ ಮೇಲೊಂದರಂತೆ, ಮನುಷ್ಯನ ಎರಡು ಕೈಗಳಿಗೆ ಎಂದೂ ಬೇಕಾಗದಷ್ಟು, ಎಳೆಯುತ್ತಾನೆ. ಇದು ಯದೃಚ್ಛೆಯೆಂದು ಒಂದು ಪಂಥ. ಈಸಾಕನಿಗೆ ಕಾಗದ ಉಳಿಯದಂತೆ ಮಾಡಿ ಮಾತಿಗೆ ಎಡೆ ಕಲ್ಪಿಸಿದ ಉಪಾಯವೆಂದು ಇನ್ನೊಂದು. ಶಾಲೆಯ ಮೊದಲ ದಿನವೇ ತಾನು ಈಸಾಕನನ್ನು ಕಂಡಿದ್ದೆನೆಂದು ಏವೆನನು ಮುಂದೆ ಒಪ್ಪಿಕೊಳ್ಳುವುದರಿಂದ ಎರಡನೆಯದೇ ಸಿದ್ಧಾಂತಪಕ್ಷವೆಂದು ಈ ಲೇಖಕನ ಮತ. ಪಾಕಪ್ರಕರಣವಂತೂ ಇನ್ನೂ ಗಹನ: ಏವೆನನು ತನ್ನ ಮನೆಗೆ ಬಂದ ಈಸಾಕನಿಗೆ ಚೀಸ್ ಟೋಸ್ಟ್ ಮಾಡಿಕೊಡುವಾಗ ಕೈಗೆ ಸಿಕ್ಕ ಮಸಾಲೆಯನ್ನೆಲ್ಲ ಉದುರಿಸುವನು, ಏಲಕ್ಕಿಯನ್ನೂ ಬಿಡುವುದಿಲ್ಲ. ಅಭಿಮಾನಿಗಳು ಇದನ್ನು ಮನೆಯಲ್ಲಿ ಮಾಡಿ, ತಿಂದು, ಬದುಕಿದರು. ಏಲಕ್ಕಿಯು ಪಾಯಸಕ್ಕೂ ಹೋಳಿಗೆಯ ಹೂರಣಕ್ಕೂ ಹುಟ್ಟಿದ್ದೆಂದು ನಂಬಿದ ಸಕಲೇಶಪುರದ ಬೆಳೆಗಾರನು ಇದಕ್ಕೆ ‘ಅಹೋ’ ಎನ್ನುವನೋ ‘ಕಷ್ಟಂ’ ಎನ್ನುವನೋ ಹೇಳಬರುವುದಿಲ್ಲ.

‘ಕಲ್ಪಿತ ಪಾತ್ರಗಳಿಗಾಗಿ ಇಷ್ಟೊಂದು ಆಯಾಸವೇಕೆ?’ ಎಂದು ಪೂರ್ವಪಕ್ಷಿಯು ಕೇಳುವನು. ಶಕುಂತಲೆಯ ಉಂಗುರ ಕಳೆದುಹೋದುದಕ್ಕೆ ನೂರಾರು ವರ್ಷ ಕಣ್ಣೀರಿಟ್ಟವರ ವಂಶದವನು ಈ ಪ್ರಶ್ನೆಯನ್ನು ಕೇಳಬಾರದು. ಅದಲ್ಲದೆ, ತಾನು ಯಾರನ್ನು ಮೆಚ್ಚಿದ್ದೇನೆಂಬುದನ್ನು ಮನೆಯಲ್ಲಿ ಹೇಳಲಾರದೆ ಹೊದಿಕೆಯ ಕೆಳಗೆ ಮೊಬೈಲು ಹಿಡಿದು ಈ ಕಥೆಯನ್ನು ನೋಡಿದ ಹುಡುಗನ ಅಶ್ರುವನ್ನು ಅಣಕಿನ ಯಾವ ಪಂಕ್ತಿಯಲ್ಲೂ ಕೂರಿಸಲು ಈ ಲೇಖಕನಿಗೆ ಮನಸ್ಸಾಗಲಿಲ್ಲ; ಆ ಭಾಗವನ್ನು ಗ್ರಂಥಪಾತವೆಂದು ತಿಳಿಯುವುದು.

ವಿಘ್ನಗಳನ್ನು ಹೇಳುವಾಗ ಭರತನು ಗಾಳಿ, ಬೆಂಕಿ, ಮಳೆಗಳನ್ನೂ ಆನೆ, ಹಾವು, ಇರುವೆಗಳನ್ನೂ ನೆನೆದನು. ಹಾಡುಗಳ ಹಕ್ಕನ್ನು ನೆನೆಯಲಿಲ್ಲ. ಧಾರಾವಾಹಿಯಲ್ಲಿ ಬಳಸಿದ ಸಂಗೀತದ ಹಕ್ಕುಗಳು ನಾರ್ವೆಗೆ ಮಾತ್ರ ಸೀಮಿತವಾಗಿದ್ದುದರಿಂದ 2017ರ ಜನವರಿಯಲ್ಲಿ ಎನ್‌ಆರ್‌ಕೆಯು ಹೊರನಾಡಿನವರಿಗೆ ಬಾಗಿಲು ಹಾಕಿತು. ಆನೆ ನುಗ್ಗಿದ್ದರೆ ಸಭೆ ಚದರುತ್ತಿತ್ತು, ಇಲ್ಲಿ ಚದರಲಿಲ್ಲ. ತುಣುಕು ಬಂದ ಕೆಲವೇ ಗಳಿಗೆಯಲ್ಲಿ ಇಂಗ್ಲಿಷ್ ಸಬ್‌ಟೈಟಲ್ ಬರೆದು ಬಿಟ್ಟಿಯಾಗಿ ಹಂಚುವ ಸ್ವಯಂಸೇವಕರು ಆ ವೇಳೆಗಾಗಲೇ ಸಿದ್ಧರಾಗಿದ್ದರು. ವಿಶ್ವವಿದ್ಯಾಲಯಗಳ ಅನುವಾದ ವಿಭಾಗಗಳು ಈ ವೇಗವನ್ನು ಕುರಿತು ಯೋಚಿಸದಿರುವುದೇ ಅವುಗಳ ಆರೋಗ್ಯಕ್ಕೆ ಒಳ್ಳೆಯದು.

ಮೂಲವು 2017ರ ಜೂನಿನಲ್ಲಿ ಮುಗಿಯಿತು, ಪ್ರತೀಕ್ಷೆ ಮುಗಿಯಲಿಲ್ಲ. ಫ್ರಾನ್ಸ್, ಇಟಲಿ, ಜರ್ಮನಿ, ನೆದರ್ಲೆಂಡ್ಸ್, ಬೆಲ್ಜಿಯಂಗಳು ತಮ್ಮ ತಮ್ಮ ಸ್ಕಾಮ್‌ಗಳನ್ನು ಕಟ್ಟಿಕೊಂಡವು. ಸ್ಪೇನಿನಲ್ಲಂತೂ ಈಸಾಕನ ಕಥೆಯು ಇಬ್ಬರು ಹುಡುಗಿಯರ ಕಥೆಯಾಯಿತು. ಇದರಿಂದ ಗರ್ವ, ಅಸೂಯೆ, ಅಮರ್ಷವೆಂಬ ಸಂಚಾರಿಗಳು ಸಮೃದ್ಧವಾಗಿ ಹುಟ್ಟಿ, ಯಾವ ದೇಶದ ಈಸಾಕನು ಉತ್ತಮನೆಂಬ ಮಹಾವಾದವು ಏರ್ಪಟ್ಟಿತು. ಮೂಲವನ್ನು ನೋಡದೆ ರೂಪಾಂತರವನ್ನಷ್ಟೇ ನೋಡಿದವರೊಡನೆ ವಾದಕ್ಕಿಳಿಯತಕ್ಕದ್ದಲ್ಲವೆಂಬುದು ಮೂಲವಾದಿಗಳ ಕಟ್ಟುನಿಟ್ಟಿನ ನಿಯಮ. ಅದನ್ನು ಅವರು ಒಂದು ಸಂಜೆಯಾದರೂ ಪಾಲಿಸಿದ ದಾಖಲೆಯಿಲ್ಲ.