ಹಲ್ಲಿನ ಹಾಜರಿ ಪುಸ್ತಕ

ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಮಕ್ಕಳ ಹಲ್ಲು ಕಂದುಗಟ್ಟುವುದಕ್ಕೆ ಕೊಳವೆಬಾವಿಯ ಫ್ಲೋರೈಡ್ ನೀರೇ ಕಾರಣ ಎಂದು ಜನ ಬಹುಕಾಲದಿಂದ ದೂರುತ್ತಿದ್ದಾರೆ. ವಿಷಯತಜ್ಞನಾದ ನಾನು ಕೂಲಂಕಷವಾಗಿ ಪರಿಶೀಲಿಸಿದ್ದೇನೆ. ತಪ್ಪು ನೀರಿನದಲ್ಲ, ಹಲ್ಲಿನದು. ಅದಕ್ಕೆ ಸಮಯಪಾಲನೆಯ ಚಟವಿದೆ.

ದೇಹದ ಗಡಿಯಾರದ ಯಜಮಾನ ಮೆದುಳಿನಲ್ಲಿ ಕೂತಿದ್ದರೂ, ಎನಾಮಲ್ ಕಟ್ಟುವ ಕೋಶಗಳಲ್ಲೂ ಗಡಿಯಾರದ ವಂಶವಾಹಿಗಳಿವೆ. ಆ ಕೋಶಗಳು ದಿನಕ್ಕೆ ಸುಮಾರು 4 ಮೈಕ್ರಾನ್ ಎನಾಮಲ್ ಹಾಕಿ, ಒಂದು ಅಡ್ಡಗೆರೆ ಎಳೆದು ಹಾಜರಿ ಹಾಕುತ್ತವೆ. ಆರರಿಂದ ಹನ್ನೆರಡು ದಿನಕ್ಕೊಮ್ಮೆ ರೆಟ್ಜಿಯಸ್ ಎಂಬ ದಪ್ಪ ಗೆರೆ ಬೇರೆ. ಹುಟ್ಟಿದ ದಿನಕ್ಕೂ ಒಂದು ಗೆರೆಯುಂಟು. ಮೇಷ್ಟ್ರು ದಾಖಲಾತಿಯಲ್ಲಿ ಜೂನ್ 1 ಎಂದು ಬರೆದುಕೊಂಡರೂ ಹಲ್ಲು ಒಪ್ಪುವುದಿಲ್ಲ.

ಭಾನುವಾರವಿಲ್ಲ, ಎರಡನೇ ಶನಿವಾರವಿಲ್ಲ. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿ ದಾಟಿದ ನೀರು ಬಂದ ದಿನವೂ ಈ ಕೋಶಗಳು ರಜೆ ಹಾಕದೆ ಗೆಯ್ಯುತ್ತವೆ. ಖನಿಜ ಸರಿಯಾಗಿ ತುಂಬದೆ ಎನಾಮಲ್ ಜಾಳಾಗುತ್ತದೆ. ಮೊದಲು ಸುಣ್ಣದ ಬಿಳುಪು, ಆಮೇಲೆ ಕಂದು. ಹಲ್ಲು ಹೊರಬರುವಷ್ಟರಲ್ಲಿ ಆ ಕೋಶಗಳೇ ಇರುವುದಿಲ್ಲ. ತಿದ್ದುಪಡಿಗೆ ಅರ್ಜಿ ಕೊಡುವುದಾದರೂ ಯಾರಿಗೆ?

ಈ ಸೀಮೆಯ ರೈತರಿಗೆ ಹಲ್ಲಿನ ಲೆಕ್ಕ ಹೊಸದಲ್ಲ. ದನದ ಸಂತೆಯಲ್ಲಿ ಮೂಗುದಾರ ಹಿಡಿದು, ಹೆಬ್ಬೆರಳಿನಿಂದ ಎತ್ತಿನ ಕೆಳತುಟಿ ಇಳಿಸಿ ನೋಡುತ್ತಾರೆ. ಎರಡು ಹಲ್ಲಾದರೆ ಎರಡು ವರ್ಷ ದಾಟಿದೆ, ನಾಲ್ಕು, ಆರು, ಎಂಟಾದರೆ ಬಾಯಿಗೂಡಿತು. ಅಷ್ಟು ಹೊತ್ತು ದಲ್ಲಾಳಿ ಏನು ಹೇಳಿದರೂ ಯಾರೂ ಕಿವಿಗೊಡುವುದಿಲ್ಲ. ಯೋಜನೆಗಳ ಪ್ರಗತಿ ಪರಿಶೀಲನೆಗೂ ಇದೇ ಕ್ರಮ ಜಾರಿಯಾಗಲಿ ಎಂಬುದು ನನ್ನ ಮೊದಲ ಶಿಫಾರಸು.

ಉದಾಹರಣೆಗೆ, 2023ರ ಫೆಬ್ರುವರಿ 1ರ ಕೇಂದ್ರ ಬಜೆಟ್ಟಿನಲ್ಲಿ, ಈ ಸೀಮೆಗೂ ನೀರು ತರಬೇಕಾದ ಭದ್ರಾ ಮೇಲ್ದಂಡೆ ಯೋಜನೆಗೆ 5,300 ಕೋಟಿ ರೂಪಾಯಿ ನೆರವು ಘೋಷಣೆಯಾಯಿತು. ಕುಡಿಯುವ ನೀರಿಗೆ ಕೆರೆ ತುಂಬಿಸುವ ಮಾತೂ ಅದರಲ್ಲಿತ್ತು. ಅಂದು ಹುಟ್ಟಿದ ಕೂಸಿನ ಮೊದಲ ಕಾಯಂ ದವಡೆಹಲ್ಲಿನ ಕಾಮಗಾರಿಯೂ ಹೆಚ್ಚುಕಮ್ಮಿ ಅದೇ ಹೊತ್ತಿಗೆ ಶುರುವಾಯಿತು. ಡಿಪಿಆರ್ ಇಲ್ಲ, ಟೆಂಡರ್ ಇಲ್ಲ, ಸಂಪುಟದ ಒಪ್ಪಿಗೆಯಿಲ್ಲ. ಮೂರು ವರ್ಷದ ಆಸುಪಾಸಿನಲ್ಲಿ ಹಲ್ಲಿನ ತಲೆ ಪೂರ್ತಿ ಸಿದ್ಧ. ಆರಕ್ಕೆಲ್ಲ ಬಾಯಲ್ಲಿ ಉದ್ಘಾಟನೆ. ಇಷ್ಟು ಅವಸರ ಮಾಡಿದರೆ ಗುಣಮಟ್ಟ ಎಲ್ಲಿಂದ ಬರಬೇಕು? (ಘೋಷಿಸಿದ ಹಣದ ಕಥೆ ಏನಾಯಿತೆಂಬುದು ದಂತಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ.)

ಎರಡನೇ ಶಿಫಾರಸು ತಾಯಂದಿರಿಗೆ. ಊರಿನ ಶುದ್ಧ ನೀರಿನ ಘಟಕಕ್ಕೆ ‘ದುರಸ್ತಿಯಲ್ಲಿದೆ’ ಎಂಬ ಚೀಟಿ ಅಂಟಿಸಿರುವಷ್ಟು ದಿನ ಹಲ್ಲು ಬೆಳೆಸಬಾರದೆಂದು ಮಕ್ಕಳಿಗೆ ಕಟ್ಟುನಿಟ್ಟಾಗಿ ಹೇಳಿರಿ.

ಎಂಟು ವರ್ಷ ತುಂಬಿದ ಮಕ್ಕಳ ಪೋಷಕರು ಗಾಬರಿಯಾಗಬೇಕಿಲ್ಲ. ಆ ಹೊತ್ತಿಗೆ ಉಳಿದೆಲ್ಲ ಹಲ್ಲಿನ ಎನಾಮಲ್ ಮುಗಿದಿರುತ್ತದೆ. ಆಮೇಲೆ ಬರುವ ಶುದ್ಧ ನೀರು, ಎನಾಮಲ್ಲಿನ ಮಟ್ಟಿಗೆ ಹೇಳುವುದಾದರೆ, ಬುದ್ಧಿಹಲ್ಲಿಗೆ ಮಾತ್ರ ಪ್ರಯೋಜನ.