ಹಳದಿ ದೀಪ, ಭಾವನ ಸ್ಕ್ಯಾನರ್

“ಮಾರಾಯಾ, ನಿನ್ನ ಭಾವ ಕಾರಿಗೆ ಸ್ಕ್ಯಾನರ್ ತರಿಸ್ತಾರಂತೆ, ಹನ್ನೆರಡು ಸಾವಿರದ್ದು! ನೀನಾದ್ರೂ ಒಂದು ಮಾತು ಹೇಳು” ಅಂತ ಶಾರದಕ್ಕ ದಾಸವಾಳದ ಬೇಲಿಯಾಚೆಯಿಂದ ಕರೆದರು. ಭಾವ ಕಾರಿನ ಬಾಗಿಲು ತೆರೆದಿಟ್ಟು ಒಳಗೇ ಕೂತಿದ್ದರು. ಮೀಟರಿನಲ್ಲಿ ಇಂಜಿನ್ ಚಿತ್ರದ ಹಳದಿ ದೀಪ ಉರೀತಿತ್ತು. ಸಾಗರದ ಪೇಟೆಗೆ ಹೋಗಿ ಬರುವಾಗ, ಏರಿನಲ್ಲಿ ಗಾಡಿ ಎರಡು ಸಲ ಜಗ್ಗಿತಂತೆ. ಆಮೇಲೆ ಹತ್ತಿದ ದೀಪ ಆರಲಿಲ್ಲವಂತೆ.

“ಭಾವ, ದೀಪ ನಿಂತು ಉರೀತಿತ್ತೋ, ಮಿಣುಕ್ತಿತ್ತೋ?” ಅಂದೆ.

“ನಿಂತೇ ಉರೀತು. ಯಾಕೆ, ಅದರಲ್ಲೇನು ವ್ಯತ್ಯಾಸ?”

ವ್ಯತ್ಯಾಸ ದೊಡ್ಡದು. ನಿಂತು ಉರಿಯುವ ಹಳದಿ ದೀಪಕ್ಕೆ ಗಾಬರಿ ಬೇಡ, ನಿಧಾನಕ್ಕೆ ಓಡಿಸಿಕೊಂಡು ಗ್ಯಾರೇಜಿಗೆ ಹೋಗಬಹುದು. ಮಿಣುಕಿದರೆ ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರೀತಿಲ್ಲ ಅಂತ ಅರ್ಥ. ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆಗೆ ಹೋಗಿ ಅಲ್ಲಿರುವ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಟ್ಟು ಹಾಕುತ್ತದೆ. ಅದನ್ನು ಬದಲಾಯಿಸುವುದಕ್ಕೆ ಹತ್ತಾರು ಸಾವಿರ ಬೇಕು. ಹಾಗಾಗಿ ಮಿಣುಕಿದರೆ ಗಾಡಿ ಬದಿಗೆ ಹಾಕುವುದೇ ಸರಿ. ಇನ್ನು ಆಯಿಲ್ ಕ್ಯಾನಿನ ಚಿತ್ರದ ಕೆಂಪು ದೀಪ, ಇಂಜಿನ್ ಕಾದಿದೆ ಅನ್ನುವ ಕೆಂಪು ದೀಪ, ಇವಕ್ಕೆ ಸ್ಕ್ಯಾನರ್ ಹುಡುಕುತ್ತ ಕೂರಬಾರದು. ತಕ್ಷಣ ಗಾಡಿ ಬದಿಗೆ ಹಾಕಿ ಇಂಜಿನ್ ಆಫ್ ಮಾಡಬೇಕು.

“ಅದೆಲ್ಲ ಸರಿ, ಹೋದ ವರ್ಷದ ಕಥೆ ನಿಂಗೆ ಗೊತ್ತಲ್ಲ” ಅಂದರು ಭಾವ. ಗೊತ್ತಿತ್ತು. ಆಗಲೂ ಇದೇ ದೀಪ. ಒಂದು ಗ್ಯಾರೇಜಿನಲ್ಲಿ ಆಕ್ಸಿಜನ್ ಸೆನ್ಸರ್ ಹೋಗಿದೆ ಅಂತ ಹೊಸದು ಹಾಕಿ, ಬ್ಯಾಟರಿ ವೈರ್ ಬಿಚ್ಚಿ ದೀಪ ಆರಿಸಿ ಕಳಿಸಿದ್ದರು. ವಾರದೊಳಗೆ ದೀಪ ಮತ್ತೆ ಬಂತು. ಕೊನೆಗೆ ನೋಡಿದರೆ ಆ ಸೆನ್ಸರಿನ ವೈರನ್ನು ಇಲಿ ಕಡಿದಿತ್ತು. ಮಳೆಗಾಲದಲ್ಲಿ ಶೆಡ್ಡಿನೊಳಗೆ ಬೆಚ್ಚಗಿರುವ ಇಂಜಿನ್ ಕಂಡರೆ ಇಲಿ ಬಿಟ್ಟೀತೇ! ದುಡ್ಡು ಹೋದದ್ದಕ್ಕಿಂತ, ಏನು ಕೇಳಬೇಕು ಅಂತಲೇ ತಿಳಿಯದೆ ಕೈಕಟ್ಟಿ ನಿಂತದ್ದು ಭಾವನಿಗೆ ನೋವು. ಆ ನೋವು ನ್ಯಾಯವಾದದ್ದು. ಸ್ಕ್ಯಾನರ್ ಬೇಕು ಅನ್ನುವ ಅವರ ಆಸೆಗೆ ನನ್ನ ಪೂರ್ತಿ ಒಪ್ಪಿಗೆ ಇದೆ. ಹನ್ನೆರಡು ಸಾವಿರಕ್ಕೆ ಮಾತ್ರ ಒಪ್ಪಿಗೆ ಇಲ್ಲ.

ಮೊದಲು ನೋಡಬೇಕಾದದ್ದು ನಮ್ಮ ಗಾಡಿಯನ್ನು. ಸ್ಟೀರಿಂಗ್ ಕೆಳಗೆ, ಮಂಡಿ ತಾಗುವ ಹತ್ತಿರ, ಹದಿನಾರು ತೂತಿನ ಒಂದು ಸಾಕೆಟ್ ಇರುತ್ತದೆ. ಓಬಿಡಿ ಪೋರ್ಟ್ ಅನ್ನುವುದು ಅದಕ್ಕೇ. ಇದು ಹುಟ್ಟಿದ್ದು ಕ್ಯಾಲಿಫೋರ್ನಿಯಾದ ಹೊಗೆಯಿಂದ. ಅಲ್ಲಿನ ವಾಯುಮಾಲಿನ್ಯ ಮಂಡಳಿ, ಹೊಗೆ ಹೆಚ್ಚಿಸುವ ದೋಷ ಏನಿದ್ದರೂ ಕಾರೇ ಹೇಳಬೇಕು ಅಂತ ಪಟ್ಟು ಹಿಡಿಯಿತು. 1996ರಿಂದ ಅಮೆರಿಕದಲ್ಲಿ ಮಾರುವ ಎಲ್ಲ ಕಾರಿಗೂ ಒಂದೇ ನಮೂನೆಯ ಸಾಕೆಟ್, ಒಂದೇ ನಮೂನೆಯ ಕೋಡ್ ಕಡ್ಡಾಯ ಆಯ್ತು. ಅದಕ್ಕೆ ಮೊದಲು ಒಂದೊಂದು ಕಂಪನಿಗೆ ಒಂದೊಂದು ಯಂತ್ರ ಬೇಕಿತ್ತು. ನಮ್ಮಲ್ಲಿ ಬಿಎಸ್4 ಅನ್ನುವ ಹೊಗೆ ನಿಯಮ 2010ರ ಏಪ್ರಿಲ್ 1ಕ್ಕೆ ಬೆಂಗಳೂರು ಸೇರಿ 13 ನಗರಗಳಿಗೆ ಬಂತು. ಬಿಎಸ್4 ಗಾಡಿಗಳಿಗೆ ಓಬಿಡಿಯ ಎರಡನೇ ಹಂತ 2013ರಿಂದ. ದೇಶಕ್ಕೆಲ್ಲ ಬಿಎಸ್4 ಆದದ್ದು 2017ರ ಏಪ್ರಿಲ್ 1ಕ್ಕೆ. ಅಂದರೆ ಬೆಂಗಳೂರಿನಲ್ಲಿ ಕೊಂಡ ಗಾಡಿಗೂ ಅದೇ ವರ್ಷ ನಮ್ಮ ಕಡೆ ಕೊಂಡ ಗಾಡಿಗೂ ವ್ಯತ್ಯಾಸ ಇದ್ದೀತು. ಭಾವನ ಗಾಡಿ 2016ರದ್ದು, ಶಿವಮೊಗ್ಗದಲ್ಲಿ ಕೊಂಡದ್ದು. ಆರ್‌ಸಿ ತೆಗೆದು ನೋಡಿದೆವು, ಬಿಎಸ್4 ಅಂತ ಇತ್ತು. ಸಮಾಧಾನ ಆಯ್ತು. ಹಳೇ ಗಾಡಿಯಾದರೆ ಕೊಳ್ಳುವ ಮೊದಲು ಯಾರದಾದರೂ ಸ್ಕ್ಯಾನರ್ ಇಸಕೊಂಡು ಚುಚ್ಚಿ ನೋಡುವುದು ಕ್ಷೇಮ. ಸಾಕೆಟ್ ಇದ್ದ ಮಾತ್ರಕ್ಕೆ ಅದು ಮಾತಾಡುತ್ತೆ ಅಂತ ಇಲ್ಲ.

“ಈಗ ಯಾವುದು ತಗೊಳ್ಳಲಿ ಹೇಳು” ಅಂತ ಭಾವ ಫೋನ್ ಚಾಚಿದರು. ಅದರಲ್ಲಿ ಬಗೆಬಗೆಯ ಚಿತ್ರ.

ಎಲ್ಲಕ್ಕಿಂತ ಅಗ್ಗದ್ದು, ಕೆಲವೇ ನೂರು ರೂಪಾಯಿಯದು, ಬೆಂಕಿಪೊಟ್ಟಣದಷ್ಟು ದಪ್ಪದ ಬ್ಲೂಟೂತ್ ಡಾಂಗಲ್. ಸಾಕೆಟ್ಟಿಗೆ ಚುಚ್ಚಿ, ಫೋನಿನಲ್ಲಿ ಟಾರ್ಕ್ ಥರದ ಒಂದು ಆಪ್ ಹಾಕಿಕೊಂಡರೆ ಆಯ್ತು. ಇಎಲ್‌ಎಂ327 ಅಂತ ಇವುಗಳ ಮೇಲೆ ಬರೆದಿರುತ್ತದೆ. ಅದು ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್ ಅನ್ನುವ ಪುಟ್ಟ ಕಂಪನಿ ಮಾಡಿದ ಚಿಪ್ಪಿನ ಹೆಸರು. ಮೊದಲ ಆವೃತ್ತಿಗೆ ನಕಲು ತಡೆಯುವ ಬೀಗ ಹಾಕಿರಲಿಲ್ಲ, ಲೋಕವೆಲ್ಲ ನಕಲು ಮಾಡಿತು. ಮೂಲ ಕಂಪನಿ 2022ರಲ್ಲಿ ಬಾಗಿಲು ಹಾಕಿತು, ನಕಲುಗಳು ಇನ್ನೂ ಮಾರಾಟವಾಗುತ್ತಿವೆ. ನನಗೆ ಇದು ನಿಜಕ್ಕೂ ಬೇಸರದ ವಿಷಯ. ಮನೆಮನೆಯವರಿಗೂ ಕಾರಿನ ಮಾತು ಕೇಳಿಸಿಕೊಟ್ಟವರಿಗೆ ಅದರ ಫಲ ಪೂರಾ ಸಿಗಲಿಲ್ಲ. ನಕಲೆಲ್ಲ ಕೆಟ್ಟದ್ದೇನಲ್ಲ. ಆದರೆ ಕೆಲವಕ್ಕೆ ಹಳೇ ಗಾಡಿಗಳ ಭಾಷೆ ಬರುವುದಿಲ್ಲ, ಕೆಲವು ನಡುವೆ ಮಾತು ನಿಲ್ಲಿಸುತ್ತವೆ. ಹಿಂದಿರುಗಿಸಲು ಅವಕಾಶ ಕೊಡುವ ಕಡೆ ಕೊಳ್ಳಬೇಕು. ಅಕ್ಕನ ಮಗಳ ಹತ್ತಿರ ಐಫೋನ್ ಇದೆ. ಅದಕ್ಕೆ ಹಳೇ ನಮೂನೆಯ ಬ್ಲೂಟೂತ್ ಡಾಂಗಲ್ ಆಗಿಬರುವುದಿಲ್ಲ, ವೈಫೈಯದೋ ಬ್ಲೂಟೂತ್ ಎಲ್‌ಇಯದೋ ಬೇಕು.

ಇದಕ್ಕಿಂತ ಸ್ವಲ್ಪ ಹೆಚ್ಚಿನದು, ವೈರ್ ಇರುವ, ಕೈಯಲ್ಲಿ ಹಿಡಿಯುವ ಪುಟ್ಟ ಪರದೆಯ ಯಂತ್ರ. ಫೋನ್, ಆಪ್ ಯಾವುದೂ ಬೇಡ, ಕರೆಂಟನ್ನೂ ಕಾರಿನಿಂದಲೇ ತಗೊಳ್ಳುತ್ತೆ. ಫೋನಿನ ಸೆಟ್ಟಿಂಗ್ ಅಂದರೆ ಸಿಡುಕುವ ಭಾವನಂಥವರಿಗೆ ಇದು ಸರಿ. ಭಾವ ಆರಿಸಿದ್ದು ಮೂರನೇ ಬಗೆ, ಟ್ಯಾಬಿನಷ್ಟು ದೊಡ್ಡದು. ಎಬಿಎಸ್, ಏರ್‌ಬ್ಯಾಗ್ ದೀಪಗಳ ಕೋಡನ್ನೂ ಓದುತ್ತೆ. ನಿಯಮ ಕಟ್ಟಿಹಾಕಿದ್ದು ಹೊಗೆಗೆ ಸಂಬಂಧಿಸಿದ ಕೋಡುಗಳನ್ನು ಮಾತ್ರ, ಹಾಗಾಗಿ ಅಗ್ಗದ ಸ್ಕ್ಯಾನರಿಗೆ ಏರ್‌ಬ್ಯಾಗ್ ದೀಪ ಕಾಣುವುದಿಲ್ಲ. ಅದನ್ನು ಓದುವ ಯಂತ್ರಕ್ಕೆ ಬೆಲೆ ಜಾಸ್ತಿ, ಕೆಲವಕ್ಕೆ ವರ್ಷ ವರ್ಷ ಅಪ್‌ಡೇಟಿನ ದುಡ್ಡು ಬೇರೆ. ಮನೆಯಲ್ಲಿ ಕೂತು ಏರ್‌ಬ್ಯಾಗಿನ ವೈರಿಗೆ ಕೈ ಹಾಕುವ ಕೆಲಸ ನಮ್ಮದಲ್ಲ. ಮಾಡದ ಕೆಲಸಕ್ಕೆ ಹನ್ನೆರಡು ಸಾವಿರದ ಹತಾರ ಯಾಕೆ?

“ಹಂಗಾದ್ರೆ ಕೋಡ್ ಬಂದ್ರೆ ಸಾಕು, ಯಾವ ಪಾರ್ಟ್ ಹೋಗಿದೆ ಅಂತ ಗೊತ್ತಾಗುತ್ತಲ್ಲ?” ಅಂತ ಶಾರದಕ್ಕ ಕೇಳಿದರು.

ಎಲ್ಲರೂ ಎಡವುವುದು ಇಲ್ಲೇ. “ಅಕ್ಕಾ, ಗೊನೆಯಿಂದ ಅಡಿಕೆ ಉದುರಿತು ಅಂದ್ರೆ ಕೊಳೆರೋಗವೇ ಅಂತ ಹೇಳ್ತೀರಾ? ನೀರು ಹೆಚ್ಚಾಗಿರಬಹುದು, ಹುಳ ಇರಬಹುದು. ಕೋಡ್ ಹೇಳೋದೂ ಉದುರಿದೆ ಅಂತ ಅಷ್ಟೇ.” ಪಿ0420 ಬಂತು ಅನ್ನಿ. ಕನ್ವರ್ಟರ್ ಸರಿಯಾಗಿ ಕೆಲಸ ಮಾಡ್ತಿಲ್ಲ ಅನ್ನುವುದು ಅದರ ಮಾತು. ಕನ್ವರ್ಟರೇ ಹೋಗಿರಬಹುದು, ಸೈಲೆನ್ಸರ್ ಪೈಪಿನಲ್ಲಿ ಸೋರಿಕೆ ಇರಬಹುದು, ಅದನ್ನು ಅಳೆಯುವ ಹಿಂದಿನ ಸೆನ್ಸರ್ ಕೆಟ್ಟಿರಬಹುದು. ಪಿ0171 ಅಂದರೆ ಗಾಳಿ ಹೆಚ್ಚು, ಪೆಟ್ರೋಲ್ ಕಮ್ಮಿ. ಬಿರುಕು ಬಿಟ್ಟ ಒಂದು ರಬ್ಬರ್ ಪೈಪ್ ಸಾಕು ಅದಕ್ಕೆ.

ನಾನು ನನ್ನ ಡಾಂಗಲ್ ತಂದು ಭಾವನ ಗಾಡಿಗೆ ಚುಚ್ಚಿದೆ. ಪಿ0301 ಬಂತು. ಮೊದಲ ಅಕ್ಷರ ಪಿ ಅಂದರೆ ಇಂಜಿನ್, ಗೇರುಗಳ ಕಡೆಯದು. ಮುಂದಿನ ಸೊನ್ನೆ ಅಂದರೆ ಎಲ್ಲ ಕಂಪನಿಗೂ ಒಂದೇ ಅರ್ಥದ ಕೋಡ್. ಕೊನೆಯ ಒಂದು ಅಂದರೆ ಮೊದಲನೇ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರೀತಿಲ್ಲ. ಪ್ಲಗ್ಗೋ, ಕಾಯಿಲ್ಲೋ, ಇಂಜೆಕ್ಟರೋ? ಇದನ್ನು ಕಂಡುಹಿಡಿಯಲು ಒಂದು ರೂಪಾಯಿಯೂ ಬೇಡ. ಭಾವನದು ಮೂರು ಸಿಲಿಂಡರಿನ ಇಂಜಿನ್, ಒಂದೊಂದು ಪ್ಲಗ್ಗಿನ ತಲೆ ಮೇಲೂ ಕಿಡಿಗೆ ಕರೆಂಟ್ ಕೊಡುವ ಒಂದೊಂದು ಕಾಯಿಲ್. ಇಂಜಿನ್ ಆರಿದ ಮೇಲೆ ಒಂದನೆಯದರ ಕಾಯಿಲನ್ನು ಎರಡನೆಯದಕ್ಕೆ, ಎರಡನೆಯದನ್ನು ಒಂದನೆಯದಕ್ಕೆ ಹಾಕಿದೆವು. ಕೋಡ್ ಅಳಿಸಿ, ಅದೇ ಏರಿನಲ್ಲಿ ಓಡಿಸಿಕೊಂಡು ಬಂದೆವು. ಮತ್ತೆ ಓದಿದರೆ ಪಿ0302. ತಪ್ಪು ಕಾಯಿಲಿನ ಜತೆಗೇ ಎರಡನೇ ಸಿಲಿಂಡರಿಗೆ ಹೋಗಿತ್ತು. ಕೋಡ್ ಪಿ0301ರಲ್ಲೇ ನಿಂತಿದ್ದರೆ ಪ್ಲಗ್, ಇಂಜೆಕ್ಟರ್ ಕಡೆ ನೋಡಬೇಕಿತ್ತು. ಭಾವನ ಮುಖ ಆಗ ನೋಡಬೇಕಿತ್ತು. ಅಕ್ಕನಿಗೆ ಕಾಫಿಗೆ ಹೇಳಿದ್ದೂ ಅವರೇ.

ಕೋಡ್ ಅಳಿಸುವ ಗುಂಡಿ ಎಲ್ಲ ಸ್ಕ್ಯಾನರಿನಲ್ಲೂ ಇರುತ್ತದೆ, ಎಲ್ಲರ ಬೆರಳೂ ಮೊದಲು ಅಲ್ಲಿಗೇ ಹೋಗುತ್ತದೆ. ದಯವಿಟ್ಟು ತಡೆಯಿರಿ. ದೀಪ ಹತ್ತಿದ ಹೊತ್ತಿನಲ್ಲಿ ಗಾಡಿಯ ವೇಗ ಎಷ್ಟಿತ್ತು, ಇಂಜಿನ್ ಎಷ್ಟು ಕಾದಿತ್ತು, ಎಷ್ಟು ಭಾರ ಎಳೀತಿತ್ತು ಅನ್ನುವುದನ್ನು ಕಾರಿನ ಕಂಪ್ಯೂಟರ್ ಹಿಡಿದಿಟ್ಟಿರುತ್ತದೆ. ಫ್ರೀಜ್ ಫ್ರೇಮ್ ಅಂತ ಆಪಿನಲ್ಲಿ ಕಾಣುತ್ತದೆ. ಅಳಿಸಿದರೆ ಅದೂ ಹೋಯ್ತು. ಎಷ್ಟೋ ಗಾಡಿಗಳಲ್ಲಿ ಬ್ಯಾಟರಿ ಬಿಚ್ಚಿದರೂ ಅಷ್ಟೇ. ಮೊದಲು ಕೋಡನ್ನೂ ಈ ವಿವರವನ್ನೂ ಫೋಟೋ ತೆಗೆದುಕೊಳ್ಳಿ, ಆಮೇಲೆ ಮೆಕ್ಯಾನಿಕ್ಕಿಗೆ ತೋರಿಸಿ. ಒಳ್ಳೆಯ ಮೆಕ್ಯಾನಿಕ್ ಇದಕ್ಕೆ ಸಿಟ್ಟಾಗುವುದಿಲ್ಲ, ಅವನ ಅರ್ಧ ಕೆಲಸ ಹಗುರಾಗುತ್ತದೆ. ಇನ್ನೊಂದು, ಡಾಂಗಲನ್ನು ಚುಚ್ಚಿದಲ್ಲೇ ಬಿಡಬೇಡಿ. ಆ ಸಾಕೆಟ್ಟಿಗೆ ಕೀ ತೆಗೆದ ಮೇಲೂ ಬ್ಯಾಟರಿಯ ಕರೆಂಟ್ ಬರುತ್ತಲೇ ಇರುತ್ತದೆ; ಗಾಡಿ ಹತ್ತು ದಿನ ಶೆಡ್ಡಿನಲ್ಲೇ ನಿಂತರೆ ಬ್ಯಾಟರಿ ಇಳಿದೀತು.

ಕೊನೆಗೆ ಭಾವನಿಗೆ ನಾನು ಹೇಳಿದ್ದು ಇಷ್ಟು: ಇಂಜಿನ್ ಕೋಡ್ ಓದಬೇಕು, ಅಳಿಸಬೇಕು, ಫ್ರೀಜ್ ಫ್ರೇಮ್ ತೋರಿಸಬೇಕು, ಓಡುವಾಗಿನ ಲೆಕ್ಕಗಳನ್ನು ತೋರಿಸಬೇಕು. ಈ ನಾಲ್ಕು ಇರುವ, ವೈರಿನ ಪುಟ್ಟ ಯಂತ್ರ ಸಾಕು. ಉಳಿದ ದುಡ್ಡಲ್ಲಿ ಹೊಸ ಕಾಯಿಲ್ ಹಾಕಿಸಿ, ಇಲಿ ಬಾರದ ಹಾಗೆ ಶೆಡ್ಡಿಗೆ ಜಾಲರಿ ಹೊಡೆಸಿ. ಯಂತ್ರ ಬಂದ ಮೇಲೆ, ದೀಪ ಉರಿಯದ ಒಳ್ಳೆಯ ದಿನವೇ ಒಮ್ಮೆ ಚುಚ್ಚಿ ನೋಡಿ. ಇಂಜಿನ್ ಓಡುವಾಗ ವೋಲ್ಟೇಜ್ ಸಾಮಾನ್ಯವಾಗಿ 13.5ರಿಂದ 14.5ರೊಳಗೆ ಇರುತ್ತದೆ, ಪೆಟ್ರೋಲನ್ನು ಕಂಪ್ಯೂಟರ್ ಎಷ್ಟು ಹೆಚ್ಚುಕಮ್ಮಿ ಮಾಡ್ತಿದೆ ಅಂತ ತೋರಿಸುವ ಲಾಂಗ್ ಟರ್ಮ್ ಫ್ಯೂಯೆಲ್ ಟ್ರಿಮ್ ಸೊನ್ನೆಯ ಆಸುಪಾಸಿನಲ್ಲಿರುತ್ತದೆ. ನಿಮ್ಮ ಗಾಡಿಯ ಲೆಕ್ಕ ಎಷ್ಟು ಅಂತ ಆರ್‌ಸಿ ಇಡುವ ಕವರಿನಲ್ಲೇ ಒಂದು ಚೀಟಿ ಬರೆದಿಡಿ.