ದಿನಕ್ಕೊಂದೇ ನಿಮಿಷದ ಸದ್ದು

ಟರ್ಬೋ ಎಂದರೇನೆಂದು ಗೊತ್ತಿಲ್ಲದ ಕಾಲದಲ್ಲಿ ನನಗೆ ಒಳ್ಳೆಯ ನಿದ್ದೆ ಬರುತ್ತಿತ್ತು. ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ ಡೀಸೆಲ್ ಕಾರು. ಅದರ ಡಿಕ್ಕಿಯ ಮೇಲೆ ಆ ಹೆಸರು ಬೆಳ್ಳಿ ಬಣ್ಣದ ಅಕ್ಷರಗಳಲ್ಲಿತ್ತು. ಮಾರಿದವನು ಹತ್ತು ಸಾವಿರ ಜಾಸ್ತಿ ಕೇಳಿದ್ದು ಆ ಅಕ್ಷರಗಳಿಗೇ ಇರಬೇಕೆಂದುಕೊಂಡು ವಾರಕ್ಕೊಮ್ಮೆ ಅವನ್ನು ಒರೆಸಿ ಹೊಳಪು ಮಾಡುತ್ತಿದ್ದೆ. ಅಷ್ಟಕ್ಕೇ ನಿಂತಿದ್ದರೆ ಎಲ್ಲರೂ ಸುಖವಾಗಿರುತ್ತಿದ್ದೆವು.

ಡಿಸೆಂಬರ್ ಬಂತು. ಮೂಡಿಗೆರೆಯಲ್ಲಿ ಕಾಫಿ ಕುಯ್ಲಿನ ಕಾಲ. ಮಂಜು ಹೆಂಚಿನಿಂದ ತೊಟ್ಟಿಕ್ಕುವ ಕಾಲ. ಒಂದು ಬೆಳಿಗ್ಗೆ ಕೀ ತಿರುಗಿಸಿದ್ದೇ ತಡ, ಬಾನೆಟ್ಟಿನೊಳಗೆ ಚಿಸ್ ಚಿಸ್ ಚಿಸ್ ಎಂದು ಶುರುವಾಯಿತು. ಅದರ ಮೇಲೊಂದು ತೆಳ್ಳನೆಯ ಸೀಟಿ. ಒಂದು ನಿಮಿಷ ಹಾಗೆಯೇ ಕೂಗಿ, ಎಂಜಿನ್ ಸ್ವಲ್ಪ ಬಿಸಿಯಾದದ್ದೇ ಎಲ್ಲವೂ ಗಪ್‌ಚಿಪ್. ಆಮೇಲೆ ದಿನವಿಡೀ ಏನೂ ಇಲ್ಲ. ಮರುದಿನ ಬೆಳಿಗ್ಗೆ ಮತ್ತೆ ಅದೇ.

ಊರಿನ ಒಬ್ಬ ಮೆಕ್ಯಾನಿಕ್ಕನ ಬಳಿ ಹೋದೆ. ಅವನು ಬಾನೆಟ್ ಎತ್ತಲೂ ಇಲ್ಲ. ನಾನು ಹೇಳಿದ್ದನ್ನು ಕೇಳಿ, ಬಾಯಲ್ಲಿದ್ದ ಅಡಿಕೆ ಉಗಿದು ಬಂದು, "ಟರ್ಬೋ ಹೋಗಿದೆ ಸಾರ್. ನಲವತ್ತು ಸಾವಿರ ಇಟ್ಕಳಿ" ಎಂದ. ನಾನು ಬ್ಯಾಂಕ್ ಮ್ಯಾನೇಜರು. ಯಾವ ದಾಖಲೆಯನ್ನೂ ನೋಡದೆ ನಲವತ್ತು ಸಾವಿರ ಮಂಜೂರು ಮಾಡುವ ಧೈರ್ಯ ನನಗೆ ಯಾವತ್ತೂ ಬಂದಿಲ್ಲ. ನಾನೇ ಓದಿ ತಿಳಿದುಕೊಳ್ಳುತ್ತೇನೆ ಎಂದು ಹೊರಟೆ. ಸಾಹಿತಿ ಪೂರ್ಣಚಂದ್ರ ತೇಜಸ್ವಿಯವರು ಬಾಳಿದ ಊರಿನಲ್ಲಿ ಮನೆ ಮಾಡಿದವರಿಗೆ ಯಂತ್ರದ ವಿದ್ಯೆ ಗಾಳಿಯಲ್ಲೇ ಬರುತ್ತದೆ ಎಂಬ ಭ್ರಮೆಯೂ ಸ್ವಲ್ಪ ಇತ್ತು.

ಓದಿದ್ದು ಹೀಗೆ: ಎಂಜಿನ್ನಿನಿಂದ ಹೊರಬೀಳುವ ಹೊಗೆ ಸುಮ್ಮನೆ ಪೋಲಾಗುತ್ತದಲ್ಲ, ಅದರಿಂದಲೇ ಒಂದು ಚಕ್ರ ತಿರುಗಿಸೋಣ, ಅದೇ ದಂಡಕ್ಕೆ ಇನ್ನೊಂದು ಚಕ್ರ ಹಾಕಿ ಎಂಜಿನ್ನಿಗೆ ಹೆಚ್ಚು ಗಾಳಿ ತುರುಕೋಣ ಎಂದು ಆಲ್ಫ್ರೆಡ್ ಬ್ಯೂಕಿ ಎಂಬ ಸ್ವಿಟ್ಜರ್‌ಲೆಂಡಿನ ಎಂಜಿನಿಯರ್ 1905ರಲ್ಲೇ ಪೇಟೆಂಟ್ ಪಡೆದ. ಅದನ್ನು ಸರಿಯಾಗಿ ಕೆಲಸ ಮಾಡಿಸಲು ಅವನಿಗೇ ಸುಮಾರು ಇಪ್ಪತ್ತು ವರ್ಷ ಹಿಡಿಯಿತು. ನನ್ನ ಕಾರಿನಂಥ ಸಣ್ಣ ಕಾರಿನ ಟರ್ಬೋ ಜೋರಾಗಿ ದುಡಿಯುವಾಗ ನಿಮಿಷಕ್ಕೆ ಒಂದೂವರೆ, ಎರಡು ಲಕ್ಷ ಸುತ್ತು ಸುತ್ತುತ್ತದೆ. ಒಂದು ಕಡೆ ಏಳೆಂಟುನೂರು ಡಿಗ್ರಿ ಬಿಸಿಯ ಹೊಗೆ, ಇನ್ನೊಂದು ಕಡೆ ಮೂಡಿಗೆರೆಯ ಮಂಜು ತುಂಬಿದ ಗಾಳಿ. ನಡುವಿನ ದಂಡ ತಿರುಗುವುದು ಕೂದಲಿಗಿಂತ ತೆಳುವಾದ ಆಯಿಲ್ ಪದರದ ಮೇಲೆ. ಚಳಿಗೆ ಆಯಿಲ್ ದಪ್ಪಗಾಗಿ, ಆ ಜಾಗ ಮುಟ್ಟುವುದು ಕ್ಷಣ ತಡವಾಗುತ್ತದೆ. ಸ್ಟಾರ್ಟ್ ಮಾಡಿದ ಕೂಡಲೇ ಆಕ್ಸಿಲರೇಟರ್ ಒತ್ತಬೇಡಿ ಎನ್ನುವುದು ಇದಕ್ಕೇ.

ಇಷ್ಟು ಓದಿದ ಮೇಲೆ ನಿದ್ದೆ ಹೋಯಿತು. ರಾತ್ರಿ ಕಣ್ಣು ಮುಚ್ಚಿದರೆ ಆ ತೆಳು ಪದರವೇ ಕಾಣುತ್ತಿತ್ತು. ಅದು ಸಾಲದೆಂಬಂತೆ ಇನ್ನೊಂದು ಪುಟ ಓದಿದೆ. ಟರ್ಬೋದ ಸೀಲು ಹೋದರೆ ಆಯಿಲ್ ಗಾಳಿಯ ದಾರಿಗೆ ಸೋರಿ, ಡೀಸೆಲ್ ಎಂಜಿನ್ ತನ್ನ ಆಯಿಲನ್ನೇ ಉರಿಸಿಕೊಂಡು ಓಡಬಹುದು. ಕೀ ತೆಗೆದರೂ ನಿಲ್ಲುವುದಿಲ್ಲ. ಗಾಳಿಯ ಬಾಯಿಗೆ ಹಲಗೆ ಅಡ್ಡ ಹಿಡಿದು ಉಸಿರು ಕಟ್ಟಿಸಬೇಕಾಗಬಹುದು. ಮರುದಿನದಿಂದ ನಮ್ಮ ಮನೆಯ ರೊಟ್ಟಿ ಮಣೆ ಕಾಣೆಯಾಯಿತು.

"ಮಣೆ ಎಲ್ಲಿ?" ಎಂದಳು ಹೆಂಡತಿ.

"ಕಾರಲ್ಲಿದೆ."

"ಯಾಕೆ?"

"ಎಂಜಿನ್ ನಿಲ್ಲದೇ ಹೋದ್ರೆ ಬೇಕಾಗುತ್ತೆ."

ಅವಳು ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. ಆವತ್ತಿನಿಂದ ಮನೆಯಲ್ಲಿ ದೋಸೆ ಮಾತ್ರ.

ಈ ಸದ್ದಿನ ನಿಜವಾದ ದುಷ್ಟತನ ಅರ್ಥವಾಗಲು ನನಗೆ ಇನ್ನೂ ಕೆಲವು ದಿನ ಬೇಕಾದವು. ಅದರ ದರ್ಶನ ದಿನಕ್ಕೊಂದೇ ಸಲ, ಒಂದೇ ನಿಮಿಷ. ಆ ನಿಮಿಷದಲ್ಲಿ ಕಾರಿನ ಪಕ್ಕ ತಿಳಿದವರು ಯಾರಾದರೂ ನಿಂತಿರಬೇಕು. ಎಂಜಿನ್ ಒಮ್ಮೆ ಬಿಸಿಯಾಯಿತೋ, ಪೂರ್ತಿ ತಣ್ಣಗಾಗಲು ಇಡೀ ರಾತ್ರಿ ಬೇಕು. ಮೆಕ್ಯಾನಿಕ್ಕನನ್ನು ಬೆಳಿಗ್ಗೆ ಎಂಟಕ್ಕೆ ಬರಹೇಳಿದರೆ, ಏಳೂವರೆಗೆ ಸೌದೆ ಗಾಡಿ ಬರುತ್ತದೆ. "ರೀ, ಕಾರು ತೆಗೆದು ಆಚೆ ನಿಲ್ಲಿಸಿದೀನಿ" ಎಂದು ಹೆಂಡತಿ ಒಳಗಿನಿಂದ ಕೂಗುತ್ತಾಳೆ. ಆ ದಿನ ಮುಗಿಯಿತು. ಇನ್ನೊಂದು ದಿನ ಮಾವ. ಸರ್ಕಾರಿ ಬಸ್ಸಿನಲ್ಲಿ ಡ್ರೈವರ್ ಆಗಿದ್ದು ನಿವೃತ್ತರಾದವರು. "ಅಳಿಯಂದ್ರೇ, ಡೀಸೆಲ್ ಗಾಡಿ ಬೆಳಗಿನ ಜಾವ ಅರ್ಧ ಗಂಟೆ ಓಡ್ತಾ ನಿಲ್ಬೇಕು. ನಾನೇ ಸ್ಟಾರ್ಟ್ ಮಾಡಿಟ್ಟಿದೀನಿ, ನೀವು ಸ್ನಾನ ಮಾಡಿ ಬನ್ನಿ." ಸದ್ದು ಬಂತಾ ಮಾವ ಎಂದರೆ, ಅವರ ಕಾಲದ ಬಸ್ಸುಗಳ ಮುಂದೆ ಇದನ್ನು ಸದ್ದು ಅಂತ ಕರೆಯುವುದೇ ಇಲ್ಲ ಎಂದರು.

ರೆಕಾರ್ಡ್ ಮಾಡೋಣ ಎಂದು ಫೋನು ಹಿಡಿದು ನಿಂತೆ. ಫೋನಿನ ಬುದ್ಧಿಯೋ ಮನುಷ್ಯರ ಮಾತಿನ ಕಡೆಗೇ. ಎಂಜಿನ್ನಿನ ಸದ್ದೆಲ್ಲ ಅದಕ್ಕೆ ಬೇಡದ ಗದ್ದಲ. ಆಮೇಲೆ ಕೇಳಿದರೆ ಪಕ್ಕದ ಮನೆಯ ಹುಂಜ, ಅಡುಗೆಮನೆಯ ಕುಕ್ಕರ್, "ಚಳಿಯಲ್ಲಿ ಏನು ಮಾಡ್ತಿದೀರಿ?" ಎಂದು ಬೇಲಿಯಾಚೆಯಿಂದ ಕೇಳಿದ ನಿವೃತ್ತ ಹೆಡ್‌ಮಾಸ್ಟರು, ಮೂವರೂ ಸ್ಪಷ್ಟವಾಗಿದ್ದರು. ಕಾರು ಇದೆಯೋ ಇಲ್ಲವೋ ಎಂಬುದೇ ಅನುಮಾನ.

ಕೊನೆಗೆ ಮಾವನ ಸರ್ವಿಸ್ ಕಾಲದ ಗೆಳೆಯರೊಬ್ಬರು ಉಜಿರೆಯ ಒಬ್ಬ ಮೆಕ್ಯಾನಿಕ್ಕನ ನಂಬರ್ ಕೊಟ್ಟರು. ಬ್ಯಾಂಕಿನಿಂದಲೇ ಫೋನ್ ಮಾಡಿದೆ.

"ಹೇಗೆ ಕೂಗ್ತದೆ ಸಾರ್? ಒಮ್ಮೆ ಮಾಡಿ ತೋರಿಸಿ."

ಕ್ಯಾಬಿನ್ನಿನ ಬಾಗಿಲು ಮುಚ್ಚಿದೆ ಎಂದುಕೊಂಡು ಮಾಡಿ ತೋರಿಸಿದೆ. ಮೊದಲು ಚಿಸ್ ಚಿಸ್. ಆಮೇಲೆ ಕುಂಯ್ಯ್ಯ್. ಅವರು ಅದಲ್ಲ, ಹೀಗೋ ಎಂದು ಆ ಕಡೆಯಿಂದ ಇನ್ನೊಂದು ಕೂಗಿದರು. ನಾನು ತಿದ್ದಿ ಮತ್ತೆ ಕೂಗಿದೆ. ತಲೆಯೆತ್ತಿದರೆ ಬೆಳೆಸಾಲದ ನವೀಕರಣಕ್ಕೆ ಬಂದ ತೋಟದ ಯಜಮಾನರು ಬಾಗಿಲಲ್ಲಿ ಕಾಗದ ಹಿಡಿದು ನಿಂತಿದ್ದಾರೆ. "ನಾಳೆ ಬರ್ತೀನಿ ಬಿಡಿ" ಎಂದು ಹೋದರು. ಆ ಸಾಲಕ್ಕೆ ಅವರು ಆಮೇಲೆ ಇನ್ನೊಂದು ಬ್ಯಾಂಕಿಗೆ ಹೋದರೆಂದು ಕೇಳಿದೆ.

ಉಜಿರೆಯವರು ಫೋನಿನಲ್ಲಿ ಒಂದು ಉಪಾಯ ಹೇಳಿದರು. ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿನ ಮೇಲೆ ಅಲ್ಲಲ್ಲಿ ಇಟ್ಟು ಹಿಡಿಯನ್ನು ಕಿವಿಗೆ ಒತ್ತಿದರೆ ಸದ್ದು ಎಲ್ಲಿಂದ ಬರುತ್ತದೆ ಎಂದು ಗೊತ್ತಾಗುತ್ತದೆ. ಬೆಲ್ಟು, ಫ್ಯಾನು ತಿರುಗುವಲ್ಲಿ ಮಾತ್ರ ಕೈ ಹಾಕಬೇಡಿ. ಮರುದಿನ ಮಾವನನ್ನು ಸೀಟಿನಲ್ಲಿ ಕೂರಿಸಿ, ಸ್ಕ್ರೂಡ್ರೈವರ್ ಸಮೇತ ಬಾಗಿದೆ. ಅವರು ಕೀ ತಿರುಗಿಸಿದರು. ಏನೂ ಕೇಳಲಿಲ್ಲ. ಜಾಗ ಬದಲಿಸಿದೆ. ಊಹೂಂ. ಎಲ್ಲ ಜಾಗವೂ ಮುಗಿದ ಮೇಲೆ ಹೊಳೆಯಿತು, ಕಿವಿಯ ಮೇಲೆ ದಪ್ಪ ಉಣ್ಣೆಯ ಮಂಕಿ ಕ್ಯಾಪ್ ಇದೆ ಎಂದು. ಕಿತ್ತು ಬಿಸಾಕಿ ಮತ್ತೆ ಬಾಗುವಷ್ಟರಲ್ಲಿ ಆ ದಿನದ ನಿಮಿಷ ಮುಗಿದಿತ್ತು.

ಇನ್ನು ಕಾದು ಪ್ರಯೋಜನವಿಲ್ಲ, ಟರ್ಬೋವನ್ನೇ ಮುಟ್ಟಿ ನೋಡೋಣ ಎಂದು ಭಾನುವಾರ ಏರ್ ಫಿಲ್ಟರಿನಿಂದ ಬರುವ ಹೋಸು ಬಿಚ್ಚಿದೆ. ಒಳಗೆ ಪುಟ್ಟ ಚಕ್ರ ಕಂಡಿತು. ಅದರ ಮೂಗು ಹಿಡಿದು ಅಲ್ಲಾಡಿಸಿದೆ. ಅಲ್ಲಾಡಿತು! ಪಕ್ಕದಿಂದ ಪಕ್ಕಕ್ಕೆ, ಸ್ವಲ್ಪವೇ, ಆದರೆ ಖಂಡಿತ ಅಲ್ಲಾಡಿತು. ಮನೆಯೊಳಗೆ ಬಂದು, ಹೋಯಿತು ಎಂದೆ. ಹೆಂಡತಿ ಹೌಹಾರಿ ಯಾರು ಎಂದಳು. ನನ್ನ ಮುಖ ಹಾಗಿತ್ತಂತೆ.

ಓದಿದ ಪುಟವನ್ನು ಇನ್ನೆರಡು ಸಾಲು ಮುಂದೆ ಓದಿದ್ದರೆ ಆ ಸೂತಕ ತಪ್ಪುತ್ತಿತ್ತು. ಆಯಿಲ್ ಪದರಕ್ಕೆ ಜಾಗ ಬೇಕಲ್ಲ, ಹಾಗಾಗಿ ಎಂಜಿನ್ ನಿಂತಾಗ ದಂಡ ಅಕ್ಕಪಕ್ಕಕ್ಕೆ ಒಂಚೂರು ಆಡುವುದು ಸಹಜ. ಹಿಂದಕ್ಕೆ ಮುಂದಕ್ಕೆ ಆಡಿದರೆ, ಚಕ್ರದ ರೆಕ್ಕೆ ಗೋಡೆಗೆ ತಾಗಿದರೆ ಮಾತ್ರ ಗಾಬರಿಯಾಗಬೇಕು. ನನ್ನದು ಎರಡೂ ಮಾಡಿರಲಿಲ್ಲ. ಆದರೆ ನಾನು ದುಃಖದಲ್ಲಿ ಹೋಸನ್ನು ಹಾಗೇ ತುರುಕಿ ಬಾನೆಟ್ ಮುಚ್ಚಿದ್ದೆ. ಸೋಮವಾರದಿಂದ ಏರು ರಸ್ತೆಯಲ್ಲಿ ಭುಸ್ಸ್ ಎಂಬ ಹೊಸದೊಂದು ಸದ್ದು ಸೇರಿತು.

ಚಾರ್ಮಾಡಿ ಘಾಟಿ ಇಳಿದು ಉಜಿರೆಗೆ ಹೋದೆ. ಮೆಕ್ಯಾನಿಕ್ ನನಗಿಂತ ವಯಸ್ಸಿನಲ್ಲಿ ದೊಡ್ಡವರು, ಮಾತು ಮೆಲ್ಲಗೆ. "ಗಾಡಿ ರಾತ್ರಿ ಇಲ್ಲೇ ಇರ್ಲಿ. ಬೆಳಿಗ್ಗೆ ತಣ್ಣಗಿರುವಾಗ ನಾನೇ ಸ್ಟಾರ್ಟ್ ಮಾಡ್ತೇನೆ" ಎಂದರು. ಎಷ್ಟು ಸರಿಯಾದ ಯೋಚನೆ! ಲಾಡ್ಜಿನಲ್ಲಿ ರೂಮು ಮಾಡಿದೆ. ಫ್ಯಾನ್ ಜೋರಾಗಿ ಹಾಕಿಕೊಂಡು ಮಲಗುವಾಗಲೂ ನನಗೆ ಹೊಳೆಯಲಿಲ್ಲ. ಬೆಳಿಗ್ಗೆ ಅವರು ಕೀ ತಿರುಗಿಸಿದರು. ಕಾರು ಸದ್ದಿಲ್ಲದೆ ಸ್ಟಾರ್ಟ್ ಆಯಿತು. ಘಟ್ಟದ ಕೆಳಗೆ ಡಿಸೆಂಬರಿನಲ್ಲೂ ತಣ್ಣಗೆ ಎನ್ನುವುದು ಮಾತಿಗಷ್ಟೇ. ಬನಿಯನ್ನಿನಲ್ಲಿ ನಿಂತು ಬೆವರು ಒರೆಸಿಕೊಳ್ಳುತ್ತಾ ಅವರು ನನ್ನನ್ನು ಕನಿಕರದಿಂದ ನೋಡಿದರು. "ಎಂತದ್ದೂ ಇಲ್ಲ ಮಾರಾಯ್ರೇ."

ನಾನು ಬಹುಶಃ ಅಳುವ ಹಾಗೆ ಕಂಡಿರಬೇಕು. ಶನಿವಾರ ಸಂಜೆ ನಿಮ್ಮ ಮನೆಗೇ ಬರುತ್ತೇನೆ, ರಾತ್ರಿ ಉಳಿದು ಬೆಳಿಗ್ಗೆ ನೋಡುತ್ತೇನೆ, ನೀವೇ ಬಂದು ಕರೆದುಕೊಂಡು ಹೋಗಿ ಎಂದರು.

ಶನಿವಾರ ಬೆಳಿಗ್ಗೆ ನಾನು ಮಾಡಿದ ಕೆಲಸವನ್ನು ಇಲ್ಲಿ ಹೇಳಲೇಬೇಕು. ಅಷ್ಟು ದೊಡ್ಡ ಮೆಕ್ಯಾನಿಕ್ ಬಾನೆಟ್ ಎತ್ತಿದಾಗ ಒಳಗೆ ಕೊಳಕು ಕಾಣಬಾರದೆಂದು ಹಳೆಯ ಬನಿಯನ್ನು, ಸೋಪಿನ ನೀರು ತೆಗೆದುಕೊಂಡು ಎಂಜಿನ್ನನ್ನು, ಕೈ ಹೋಗುವ ಮೂಲೆಗಳನ್ನೆಲ್ಲ, ಟರ್ಬೋದ ಸುತ್ತಲೂ ಸೇರಿಸಿ, ಪಳಪಳ ಮಾಡಿದೆ.

ಸಂಜೆ ಘಾಟಿ ಹತ್ತುವಾಗ ಅವರು ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ನಿದ್ದೆಯೆಂದುಕೊಂಡೆ. "ಟರ್ಬೋ ಹೋಗಿದ್ರೆ ಸಾರ್, ಈಗ ಕೂಗ್ಬೇಕು. ಲೋಡ್ ಬಿದ್ದಾಗ. ನೀವು ಆಕ್ಸಿಲರೇಟರ್ ಒತ್ತಿದ ಹಾಗೆ ಸೈರನ್ ಏರ್ಬೇಕು, ಬಿಟ್ಟ ಹಾಗೆ ಇಳೀಬೇಕು. ಹಿಂದೆ ನೀಲಿ ಹೊಗೆ ಬರ್ಬೇಕು. ಸ್ಟಾರ್ಟ್ ಮಾಡಿ ಸುಮ್ಮನೆ ನಿಂತ ಗಾಡಿಯಲ್ಲಿ ಟರ್ಬೋ ಎಷ್ಟು ತಿರುಗ್ತದೆ?" ಎಂದರು. ಆಮೇಲೆ ಥಟ್ಟನೆ ಕಣ್ಣು ತೆರೆದು, "ನಿಲ್ಸಿ, ನಿಲ್ಸಿ. ಇದೆಂತ ಭುಸ್ ಭುಸ್?"

ತಿರುವಿನಲ್ಲಿ ನಿಲ್ಲಿಸಿದೆ. ಕೋತಿಗಳು ಏನಾದರೂ ಸಿಗಬಹುದೆಂದು ಬಂದು ಸುತ್ತ ಕೂತವು. ಬಾನೆಟ್ ಎತ್ತಿದವರು ಹೋಸನ್ನು ಎರಡು ಬೆರಳಲ್ಲಿ ಎತ್ತಿ ತೋರಿಸಿದರು. "ಕ್ಲಿಪ್ಪೇ ಟೈಟ್ ಇಲ್ಲ. ಫಿಲ್ಟರಿಗೆ ಹೋಗದೆ ಧೂಳು ಸೀದಾ ಟರ್ಬೋಗೆ. ಹೀಗೇ ಓಡಿಸಿದ್ರೆ ಸ್ವಲ್ಪ ದಿವಸದಲ್ಲಿ ನಿಮ್ಮ ಟರ್ಬೋ ನಿಜಕ್ಕೂ ಹೋಗ್ತಿತ್ತು. ಯಾರು ಬಿಚ್ಚಿದ್ದು ಇದನ್ನು?"

"ನಮ್ಮೂರಿನ ಮೆಕ್ಯಾನಿಕ್" ಎಂದೆ. ಬಾನೆಟ್ಟನ್ನೂ ಎತ್ತದ ಆ ಬಡಪಾಯಿಯ ಮೇಲೆ.

ಮನೆಯಲ್ಲಿ ಕಡುಬು, ಕೋಳಿ ಸಾರು ಆಗಿತ್ತು. ಊಟದ ಮೇಲೆ ನಾನು ಕಾರಿನ ಕೀಯನ್ನು ದಿಂಬಿನ ಕೆಳಗಿಟ್ಟು ಮಲಗಿದೆ. ಎರಡು ಸಲ ಎದ್ದು ಕಿಟಕಿಯಿಂದ ನೋಡಿದೆ. ಮಾವ ಮಲಗಿಯೇ ಇದ್ದರು.

ಬೆಳಿಗ್ಗೆ ಆರೂವರೆ. ಮೈ ನಡುಗಿಸುವ ಮಂಜು. ಬಾನೆಟ್ ಎತ್ತಿ ಟಾರ್ಚ್ ಬಿಟ್ಟವರು ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು. "ಇದನ್ನು ಯಾರಾದ್ರೂ ತೊಳ್ದಿದ್ದಾರಾ?" ಈ ಸಲ ಹೇಳಲು ಬೇರೆ ಯಾರ ಹೆಸರೂ ಸಿಗಲಿಲ್ಲ. "ಇಲ್ಲಿ ಲೀಕ್ ಉಂಟಾ ಅಂತ ಮಸಿ ನೋಡಿಯೇ ಹೇಳ್ಬಹುದಿತ್ತು. ಇರ್ಲಿ."

ಕೀ ತಿರುಗಿಸಿದೆ. ಚಿಸ್ ಚಿಸ್ ಚಿಸ್. ಕುಂಯ್ಯ್ಯ್. ಇಷ್ಟು ದಿನ ಹೊಟ್ಟೆ ಉರಿಸಿದ ಸದ್ದು ಕೇಳಿ ಕಣ್ಣು ತುಂಬಿ ಬಂತು. ಅವರು ಟರ್ಬೋ ಮತ್ತು ಎಂಜಿನ್ನಿನ ಹೊಗೆ ತರುವ ಮ್ಯಾನಿಫೋಲ್ಡ್ ಸೇರುವ ಜಾಗದ ಹತ್ತಿರ ಅಂಗೈ ಹಿಡಿದರು, ಮುಟ್ಟದೆ. ನನ್ನ ಕೈಯನ್ನೂ ಹಿಡಿಸಿದರು. ಪುಸ್ ಪುಸ್ ಎಂದು ಬಿಸಿ ಗಾಳಿ ಬಡಿಯುತ್ತಿತ್ತು. ನಡುವಿನ ಗ್ಯಾಸ್ಕೆಟ್ ತಿಂದುಹೋಗಿದೆ. ಲೋಹ ತಣ್ಣಗಿರುವಾಗ ಸಂದು ಬಿಡುತ್ತದೆ, ಕಾದು ಹಿಗ್ಗಿದಾಗ ತಾನೇ ಮುಚ್ಚಿಕೊಳ್ಳುತ್ತದೆ. ಆಮೇಲೆ ಲೋಟದ ನೀರನ್ನು ಬೆಲ್ಟಿನ ಮೇಲೆ ಚಿಮುಕಿಸಿದರು. ಸೀಟಿ ಗಕ್ಕನೆ ನಿಂತು ಮತ್ತೆ ಶುರುವಾಯಿತು. "ಇದು ಬೆಲ್ಟು. ಮಂಜಿಗೆ ಜಾರ್ತದೆ. ಟರ್ಬೋ ಪಾಪ, ಅದರದ್ದು ಎಂತದ್ದೂ ತಪ್ಪಿಲ್ಲ."

ಗ್ಯಾಸ್ಕೆಟ್ಟು, ಬೆಲ್ಟು, ಕೂಲಿ ಸೇರಿ ಅವರು ಹೇಳಿದ ಮೊತ್ತ ನನ್ನ ಲಾಡ್ಜಿನ ಬಾಡಿಗೆ, ಡೀಸೆಲ್ಲು, ಕೋಳಿಯ ಖರ್ಚಿಗಿಂತ ಸ್ವಲ್ಪವೇ ಹೆಚ್ಚಿತ್ತು. ಹೆಂಡತಿ ಬಂದು ಡಿಕ್ಕಿಯಿಂದ ರೊಟ್ಟಿ ಮಣೆಯನ್ನು ಎತ್ತಿಕೊಂಡು ಮಾತಿಲ್ಲದೆ ಒಳಗೆ ಹೋದಳು.

ಅಷ್ಟರಲ್ಲಿ ಪಕ್ಕದ ಗೇಟು ತೆರೆದು ಹೆಡ್‌ಮಾಸ್ಟರು ತಮ್ಮ ಕಾರನ್ನು ಓಡಿಸಿಕೊಂಡೇ ಬಂದರು. ಮೆಕ್ಯಾನಿಕ್ ಬಂದಿರುವುದು ಅವರಿಗೆ ರಾತ್ರಿಯೇ ಗೊತ್ತಾಗಿತ್ತಂತೆ. ಅವರ ಕಾರೂ ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ಕರಕರ ಅನ್ನುತ್ತದಂತೆ. ಬಿಸಿಯಾದ ಮೇಲೆ ನಿಲ್ಲುತ್ತದಂತೆ. ಉಜಿರೆಯವರು ಅವರ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡಿ ತಲೆಯಾಡಿಸಿದರು.

"ಬಿಸಿಯಾಗಿ ಆಯ್ತಲ್ಲ ಸಾರ್. ಇನ್ನು ನಾಳೆ ಬೆಳಿಗ್ಗೆಯೇ."

ಹೆಡ್‌ಮಾಸ್ಟರು ನನ್ನ ಕಡೆ ತಿರುಗಿದರು. "ಹಾಗಾದ್ರೆ ಇವತ್ತು ರಾತ್ರಿಯೂ ಇವರ ಊಟ ನಿಮ್ಮಲ್ಲೇ ಅಲ್ವಾ?"